ತಲೆಸುತ್ತು: ಕಿವಿಯ ದೋಷವೋ, ಮೆದುಳಿನ ಆಘಾತವೋ?

ನೆಲವೇ ತಿರುಗಿದಂತಾಗಿ ವಾಂತಿಯಾದರೆ ‘ಪಿತ್ತ ಕೆರಳಿದೆ’ ಎಂದು ನಿಂಬೆಯ ಪಾನಕ ಕುಡಿಸಿ ಮಲಗಿಸುವುದು ಮನೆಮನೆಯ ರೂಢಿ. ಬಹುತೇಕ ಸಂದರ್ಭಗಳಲ್ಲಿ ಇದರಿಂದ ಕೇಡಾಗದು. ಆದರೆ ಕೆಲವೊಮ್ಮೆ ಇದೇ ತಲೆಸುತ್ತು ಪಾರ್ಶ್ವವಾಯುವಿನ ಲಕ್ಷಣವಾಗಿರುತ್ತದೆ. ಆಗ ಮಲಗಿ ಕಳೆದ ತಾಸುಗಳು ಮರಳಿ ದೊರೆಯವು.

ಪ್ರತಿಯೊಂದು ಒಳಕಿವಿಯಲ್ಲಿಯೂ ದ್ರವ ತುಂಬಿದ 3 ಅರ್ಧವೃತ್ತಾಕಾರದ ನಾಳಗಳಿವೆ. ತಲೆ ತಿರುಗಿದಾಗ ಆ ಸುದ್ದಿ ಇಲ್ಲಿಂದ ನರದ ಮೂಲಕ ಮೆದುಳಿಗೆ ಹೋಗುತ್ತದೆ. ಕಿರುಮೆದುಳು ದೇಹದ ಸಮತೋಲನವನ್ನು ಕಾಯುತ್ತದೆ. ಈ ವ್ಯವಸ್ಥೆಯ ಸಂಶೋಧನೆಗಾಗಿ ರಾಬರ್ಟ್ ಬಾರಾನಿಯವರಿಗೆ 1914ರ ನೊಬೆಲ್ ಪಾರಿತೋಷಕ ಸಂದಿತು. ಸುದ್ದಿಯು ಹೊರಡುವ ಕಿವಿಯಲ್ಲಿ ಕೆಟ್ಟರೂ ತಲುಪುವ ಮೆದುಳಿನಲ್ಲಿ ಕೆಟ್ಟರೂ ರೋಗಿಗಾಗುವ ಅನುಭವ ಒಂದೇ. ಗೊಂದಲದ ಮೂಲವಿದು.

ಹೆಸರೂ ದಾರಿ ತಪ್ಪಿಸುತ್ತದೆ. ಪಾರ್ಶ್ವವಾಯು ಎಂದರೆ ದೇಹದ ಒಂದು ಪಕ್ಕ ಬೀಳುವುದೆಂದೇ ಜನರ ಗ್ರಹಿಕೆ. ಕಿರುಮೆದುಳಿಗೆ ರಕ್ತ ಹರಿಯುವುದು ನಿಂತಾಗ ಕೈಕಾಲುಗಳ ಬಲ ಕುಂದದೆಯೂ ಇರಬಹುದು. ತಲೆಸುತ್ತು, ವಾಂತಿ, ತೂರಾಟಗಳಷ್ಟೇ ಕಾಣಬಹುದು.

ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಬಂದು 1 ನಿಮಿಷದೊಳಗೆ ಅಡಗುವ ಸುತ್ತು ಸಾಮಾನ್ಯವಾಗಿ ಒಳಕಿವಿಯ ಸುಣ್ಣದ ಹರಳುಗಳು ಸ್ಥಳ ಬಿಟ್ಟು ಸರಿದುದರ ಫಲ. ಹಠಾತ್ತನೆ ಆರಂಭವಾಗಿ ಬಿಡದೆ ಕಾಡುವುದೇ ಸಂದೇಹಾಸ್ಪದ. ಅದು ಸಮತೋಲನದ ನರದ ಉರಿಯೂತವಾಗಿರಬಹುದು, ಪಾರ್ಶ್ವವಾಯುವೂ ಆಗಿರಬಹುದು.

ಇಲ್ಲಿ ವೈದ್ಯರಿಗೆ ನೆರವಾಗುವುದು ಕಣ್ಣು. ರೋಗಿಯು ವೈದ್ಯರ ಮೂಗನ್ನೇ ದಿಟ್ಟಿಸುತ್ತಿರುವಾಗ ಅವನ ತಲೆಯನ್ನು ತಟ್ಟನೆ ಪಕ್ಕಕ್ಕೆ ತಿರುಗಿಸಿದರೆ, ಕಿವಿಯ ನರ ಕೆಟ್ಟಿದ್ದಲ್ಲಿ ದೃಷ್ಟಿ ಜಾರಿ ಮತ್ತೆ ಸ್ವಸ್ಥಾನಕ್ಕೆ ಬರುತ್ತದೆ. ತಲೆಸುತ್ತು ನಡೆದೇ ಇದ್ದು ದೃಷ್ಟಿ ಮಾತ್ರ ಕದಲದಿದ್ದರೆ ಮೆದುಳನ್ನು ಶಂಕಿಸಬೇಕು. ಸರಿಯಿರುವುದೇ ಇಲ್ಲಿ ಅಪಾಯದ ಗುರುತು! ಕಣ್ಣುಗಳ ಅದುರಾಟವನ್ನೂ ಮಟ್ಟವನ್ನೂ ಇದರೊಡನೆ ಪರೀಕ್ಷಿಸಿದಾಗ, ನುರಿತವರಿಗೆ ಆರಂಭದ ಎಂ.ಆರ್.ಐ. ಚಿತ್ರಕ್ಕಿಂತಲೂ ಸೂಕ್ಷ್ಮವಾದ ಸುಳಿವು ದೊರೆಯುತ್ತದೆಂದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಇದು ಮನೆಯಲ್ಲಿ ಮಾಡತಕ್ಕ ಪರೀಕ್ಷೆಯಲ್ಲ.

ಮನೆಯವರು ಗಮನಿಸಬೇಕಾದ ಲಕ್ಷಣಗಳು ಬೇರೆ: ಮಾತು ತೊದಲುವುದು, ಒಂದು ವಸ್ತು ಎರಡಾಗಿ ಕಾಣುವುದು, ನುಂಗಲಾಗದಿರುವುದು, ಮುಖ ಸೊಟ್ಟಗಾಗುವುದು, ಆಸರೆಯಿಲ್ಲದೆ ನಿಲ್ಲಲಾಗದಿರುವುದು, ಹಿಂದೆಂದೂ ಕಾಣದ ತಲೆನೋವು ಅಥವಾ ಕುತ್ತಿಗೆನೋವು. ಇವುಗಳಲ್ಲಿ ಒಂದು ತೋರಿದರೂ, ಏನೂ ತೋರದೆ ಸುತ್ತು ಬಿಡದಿದ್ದರೂ, ತಡಮಾಡದೆ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ಲಕ್ಷಣ ತೋರಿದ 4½ ತಾಸುಗಳೊಳಗೆ ಕೊಡಬೇಕಾಗುತ್ತದೆ. ಆದುದರಿಂದ ‘ಪಿತ್ತ’ವೆಂದು ತೀರ್ಮಾನಿಸುವ ಮುನ್ನ ಗಡಿಯಾರವನ್ನು ನೋಡಿ ವೇಳೆಯನ್ನು ಬರೆದಿಡುವುದು ವಿವೇಕ.