ವ್ಯಾನ್ ಗೋ ಮತ್ತು ಬಾಡುವ ಬಣ್ಣಗಳು

ಚಿತ್ರವೊಂದರ ಮುಂದೆ ನಿಂತಾಗ, ಕಲಾವಿದನು ಬಳಿದ ಬಣ್ಣವನ್ನೇ ನಾವು ಕಾಣುತ್ತಿದ್ದೇವೆಂದು ನಂಬುವುದು ಸಹಜ. ಆದರೆ ಬಣ್ಣವೂ ಒಂದು ವಸ್ತು. ಬೆಳಕು, ಗಾಳಿ, ಕಾಲಗಳಿಗೆ ಅದೂ ಅಧೀನವಾದುದು. ಈ ಮಾತಿಗೆ ಡಚ್ ಚಿತ್ರಕಾರ ವಿನ್ಸೆಂಟ್ ವ್ಯಾನ್ ಗೋನ (1853–1890) ಕೃತಿಗಳು ಉತ್ತಮ ನಿದರ್ಶನ. ಇಂಪ್ರೆಷನಿಸ್ಟ್ ಪಂಥದ ತರುವಾಯ ಬಂದು, ಕಣ್ಣಿಗೆ ಕಂಡ ಬೆಳಕಿಗಿಂತ ಮನಸ್ಸಿನ ಭಾವಕ್ಕೆ ಪ್ರಾಧಾನ್ಯವಿತ್ತ ಕಲಾವಿದರಲ್ಲಿ ಆತನು ಅಗ್ರಗಣ್ಯನು.

ವ್ಯಾನ್ ಗೋ ಚಿತ್ರಕಲೆಯನ್ನೇ ಜೀವನವೃತ್ತಿಯಾಗಿ ಕೈಗೊಂಡದ್ದು 27ನೆಯ ವಯಸ್ಸಿನಲ್ಲಿ. ಅನಂತರದ ಹತ್ತು ವರ್ಷಗಳಲ್ಲಿ 800ಕ್ಕೂ ಮಿಕ್ಕು ತೈಲಚಿತ್ರಗಳನ್ನು ರಚಿಸಿದನು. 1885ರ ‘ಆಲೂಗಡ್ಡೆ ತಿನ್ನುವವರು’ ಎಂಬ ಚಿತ್ರದಲ್ಲಿ ಮಣ್ಣಿನ ಬಣ್ಣಗಳೇ ತುಂಬಿವೆ. ರೈತರ ಮುಖಗಳು ಸಿಪ್ಪೆ ಸುಲಿಯದ ಆಲೂಗಡ್ಡೆಯ ಬಣ್ಣವನ್ನು ತಾಳಿವೆ. 1886ರಲ್ಲಿ ಪ್ಯಾರಿಸ್ಸಿಗೆ, ತಮ್ಮನಾದ ಥಿಯೋನ ಬಳಿಗೆ, ಬಂದ ಮೇಲೆ ಈ ಕತ್ತಲು ಕರಗಿತು. ಪಿಸಾರೊ, ಸಿನ್ಯಾಕ್ ಮೊದಲಾದವರ ಕೃತಿಗಳೂ ಜಪಾನಿನ ಮರದಚ್ಚಿನ ಚಿತ್ರಗಳೂ ಆತನಿಗೆ ಹೊಸ ದಾರಿ ತೋರಿದವು.

ಕೆಂಪಿನ ಪಕ್ಕದಲ್ಲಿ ಹಸಿರು, ನೀಲಿಯ ಪಕ್ಕದಲ್ಲಿ ಕಿತ್ತಳೆ, ಹಳದಿಯ ಪಕ್ಕದಲ್ಲಿ ನೇರಳೆ ನಿಂತರೆ ಒಂದು ಇನ್ನೊಂದನ್ನು ಉಜ್ವಲಗೊಳಿಸುತ್ತದೆ. ಈ ಪೂರಕ ವರ್ಣಗಳ ಪರೀಕ್ಷೆಗೆಂದು ಆತನು ಬಣ್ಣಬಣ್ಣದ ಉಣ್ಣೆನೂಲಿನ ಉಂಡೆಗಳನ್ನು ಒಂದು ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದನು. 1888ರ ‘ರಾತ್ರಿಯ ಕಾಫಿಗೃಹ’ದಲ್ಲಿ ಕೆಂಪು ಹಸಿರುಗಳನ್ನು ಪರಸ್ಪರ ಕಾದಾಡಿಸಿ, ಮನುಷ್ಯನ ಉಗ್ರ ವಿಕಾರಗಳನ್ನು ಸೂಚಿಸಲು ಯತ್ನಿಸಿದನು.

ಇದಕ್ಕೆ ಆ ಶತಮಾನದ ರಸಾಯನಶಾಸ್ತ್ರವೂ ನೆರವಾಯಿತು. 1841ರಲ್ಲಿ ಅಮೆರಿಕದ ಜಾನ್ ರ್‍ಯಾಂಡ್ ತವರದ ಟ್ಯೂಬನ್ನು ಕಂಡುಹಿಡಿದುದರಿಂದ, ಸಿದ್ಧಪಡಿಸಿದ ತೈಲವರ್ಣವನ್ನು ಬಯಲಿಗೆ ಒಯ್ಯುವುದು ಸುಲಭವಾಯಿತು. ಕ್ರೋಮ್ ಹಳದಿ, ಕೋಬಾಲ್ಟ್ ನೀಲಿ, ಇಯೋಸಿನ್ ಕೆಂಪು ಮುಂತಾದ ಹೊಸ ಬಣ್ಣಗಳು ಅಂಗಡಿಗಳಲ್ಲಿ ದೊರೆತವು. ವ್ಯಾನ್ ಗೋ ಅವನ್ನು ಕ್ಯಾನ್ವಾಸಿನ ಮೇಲೆ ದಪ್ಪವಾಗಿ, ಅನೇಕ ವೇಳೆ ಮೊದಲ ಲೇಪ ಆರುವ ಮುನ್ನವೇ ಮತ್ತೊಂದನ್ನು ಬಳಿಯುತ್ತಿದ್ದನು. ಕುಂಚದ ಒಂದೊಂದು ಗೆರೆಯೂ ನೇಗಿಲ ಸಾಲಿನಂತೆ ಎದ್ದು ಕಾಣುತ್ತದೆ. 1882ರಲ್ಲಿ ಕಡಲ ತಡಿಯಲ್ಲಿ ಬರೆದ ಚಿತ್ರವೊಂದರ ಬಣ್ಣದಲ್ಲಿ ಗಾಳಿಗೆ ಹಾರಿಬಂದ ಮರಳಿನ ಕಣಗಳು ಇಂದಿಗೂ ಅಂಟಿಕೊಂಡಿವೆ.

ಆದರೆ ಈ ಹೊಸ ಬಣ್ಣಗಳಲ್ಲಿ ಕೆಲವು ಅಸ್ಥಿರವಾಗಿದ್ದವು. ವ್ಯಾನ್ ಗೋ ಇದನ್ನು ಅರಿಯದವನಲ್ಲ. ಕಾಲವು ಬಣ್ಣಗಳನ್ನು ಮೆತ್ತಗಾಗಿಸುವುದರಿಂದ ಮೊದಲೇ ಗಾಢವಾಗಿ ಬಳಿಯಬೇಕು ಎಂಬ ಅಭಿಪ್ರಾಯವನ್ನು 1888ರಲ್ಲಿ ತಮ್ಮನಿಗೆ ತಿಳಿಸಿದ್ದನು. ಆ ವರ್ಷವೇ ರಚಿಸಿದ ‘ಮಲಗುವ ಕೋಣೆ’ಯ ಗೋಡೆಗಳು ಇಂದು ತಿಳಿನೀಲಿಯಾಗಿ ಕಾಣುತ್ತವೆ. ಪತ್ರದಲ್ಲಿ ಆತನು ಅವನ್ನು ತಿಳಿನೇರಳೆ ಎಂದೇ ವರ್ಣಿಸಿದ್ದಾನೆ. ನೇರಳೆಯೊಳಗಿನ ಕೆಂಪು ಬೆಳಕಿಗೆ ಮಾಸಿ, ನೀಲಿ ಮಾತ್ರ ಉಳಿಯಿತೆಂಬುದನ್ನು ವಿಜ್ಞಾನಿಗಳ ಪರೀಕ್ಷೆಯೂ ದೃಢಪಡಿಸಿದೆ. ಕ್ರೋಮ್ ಹಳದಿಯು ಕಂದುಗಟ್ಟುವುದಕ್ಕೆ, ಬೆಳಕಿನಿಂದ ಅದರಲ್ಲಿನ ಕ್ರೋಮಿಯಂ ರಾಸಾಯನಿಕವಾಗಿ ಮಾರ್ಪಡುವುದೇ ಕಾರಣವೆಂದು 2011ರಲ್ಲಿ ಕ್ಷಕಿರಣಗಳ ನೆರವಿನಿಂದ ತಿಳಿದುಬಂದಿತು.

ಆ ಬಣ್ಣ, ಕ್ಯಾನ್ವಾಸುಗಳಿಗೆ ಹಣ ತೆತ್ತವನು ಥಿಯೋ. ಅಣ್ಣನ ಮರಣದ ಆರು ತಿಂಗಳೊಳಗೆ, 1891ರ ಜನವರಿಯಲ್ಲಿ, ಅವನೂ ತೀರಿಕೊಂಡನು. ಅವನು ಜೋಪಾನಮಾಡಿದ್ದ ಅಣ್ಣನ ಪತ್ರಗಳನ್ನು ಪತ್ನಿ ಯೋಹಾನ್ನಾ 1914ರಲ್ಲಿ ಪ್ರಕಟಿಸಿದಳು. ಬಣ್ಣ ಮಾಸಿದರೂ ಅದರ ನೆನಪು ಈ ಪತ್ರಗಳಿಂದ ಉಳಿಯಿತು. ತರಗತಿಯಲ್ಲಿ ಈ ಚಿತ್ರದ ಪ್ರತಿಯನ್ನು ತೋರಿಸುವ ಉಪಾಧ್ಯಾಯರು, ಆ ಗೋಡೆ ಮೊದಲು ನೇರಳೆಯಾಗಿತ್ತೆಂಬುದನ್ನೂ, ಅದು ನಮಗೆ ತಿಳಿದ ಬಗೆಯನ್ನೂ ವಿದ್ಯಾರ್ಥಿಗಳಿಗೆ ಹೇಳುವುದು ಉಚಿತ.