ಪಹಣಿ, ಥ್ರೆಡ್ ಮತ್ತು ಟ್ರಾನ್ಸಾಕ್ಷನ್

ಹನೂರು ತಾಲ್ಲೂಕಿನ ಶಾಗ್ಯದಲ್ಲಿ ಒಬ್ಬರ ಹೆಸರಲ್ಲಿ 2 ಎಕರೆ, ಅಂದ್ರೆ 80 ಗುಂಟೆ ಜಮೀನಿದೆ ಅಂದ್ಕೊಳ್ಳಿ. ಅದರಲ್ಲಿ 20 ಗುಂಟೆಯನ್ನ ಜಮೀನೇ ಇಲ್ಲದ ಇನ್ನೊಬ್ಬರಿಗೆ ಮಾರಿದ್ರು. ನಮ್ಮ ರಾಜ್ಯದ ಪಹಣಿಗಳು 2000ರ ಆಸುಪಾಸಿನಲ್ಲೇ ಕೈಬರಹದಿಂದ 'ಭೂಮಿ' ಡೇಟಾಬೇಸ್‌ಗೆ ಬಂದವು. ನೋಟಿಸು, ಸಹಿ ಎಲ್ಲ ಪಕ್ಕಕ್ಕಿಟ್ಟು ಕೊನೆಯ ಅಪ್‌ಡೇಟ್ ಮಾತ್ರ ನೋಡೋಣ. ಮಾರಿದವರ ಲೆಕ್ಕದಲ್ಲಿ 20 ಕಳೀಬೇಕು, ಕೊಂಡವರ ಲೆಕ್ಕಕ್ಕೆ 20 ಸೇರಬೇಕು. ನಡುವೆ ಕರೆಂಟ್ ಹೋದ್ರೆ? 20 ಗುಂಟೆ ಯಾರ ಹೆಸರಲ್ಲೂ ಇಲ್ಲ!

ಅದಕ್ಕೇ ಟ್ರಾನ್ಸಾಕ್ಷನ್ ಬೇಕು. ಎರಡೂ ಆಗ್ಬೇಕು, ಇಲ್ಲಾಂದ್ರೆ ಎರಡೂ ಆಗ್ಬಾರ್ದು. ಡಿಬಿಎಂಎಸ್‌ನಲ್ಲಿ ಓದೋ 'ಆಸಿಡ್' ಇದೇ: ಅಟಾಮಿಸಿಟಿ, ಕನ್ಸಿಸ್ಟೆನ್ಸಿ, ಐಸೊಲೇಷನ್, ಡ್ಯೂರಬಿಲಿಟಿ.

ಈಗ ಇದೇ ಲೆಕ್ಕವನ್ನ ಪ್ರೋಗ್ರಾಂನ ಎರಡು ವೇರಿಯಬಲ್‌ಗಳಲ್ಲಿ ಇಟ್ಟು, ಹಲವು ಥ್ರೆಡ್‌ಗಳಿಗೆ ಬಿಡಿ. ಲಾಕ್ ಹಾಕಬಹುದು. ಆದ್ರೆ ಒಂದು ಥ್ರೆಡ್ ಮೊದಲನೆಯದನ್ನ ಹಿಡ್ಕೊಂಡು ಎರಡನೆಯದಕ್ಕೆ ಕಾಯ್ತಿದ್ರೆ, ಇನ್ನೊಂದು ಉಲ್ಟಾ ಕಾಯ್ತಿದ್ರೆ, ಡೆಡ್‌ಲಾಕ್. 1993ರಲ್ಲಿ ಮಾರಿಸ್ ಹರ್ಲಿಹಿ ಮತ್ತು ಎಲಿಯಟ್ ಮಾಸ್ 'ಟ್ರಾನ್ಸಾಕ್ಷನಲ್ ಮೆಮೊರಿ'ಯನ್ನ ಮುಂದಿಟ್ಟರು. ಲಾಕ್ ಬದಲು ಕೋಡಿನ ಒಂದು ಭಾಗವನ್ನ ಟ್ರಾನ್ಸಾಕ್ಷನ್ ಅಂತ ಗುರುತಿಸ್ತೀವಿ. ಅದು ಏನು ಓದಿತು, ಏನು ಬರೀತು ಅನ್ನೋದನ್ನ ಸಿಸ್ಟಮ್ ಗಮನಿಸುತ್ತೆ. ಬೇರೆ ಥ್ರೆಡ್ ಜೊತೆ ಘರ್ಷಣೆ ಇಲ್ಲದಿದ್ರೆ ಕಮಿಟ್, ಇದ್ರೆ ಎಲ್ಲ ಬಿಸಾಕಿ ಮತ್ತೆ ಮೊದಲಿಂದ.

ಹಾಗಾದ್ರೆ ಎರಡೂ ಒಂದೇನಾ? ಪೂರ್ತಿ ಅಲ್ಲ.

ಮೊದಲನೆಯದು, ಇಲ್ಲಿ ಡ್ಯೂರಬಿಲಿಟಿ ಇಲ್ಲ. ಕರೆಂಟ್ ಹೋದ್ರೆ ರ‍್ಯಾಮ್‌ನಲ್ಲಿದ್ದದ್ದೂ ಹೋಯ್ತು.

ಎರಡನೆಯದು ವೇಗ. ಡಿಸ್ಕ್‌ಗೆ ಬರೆಯೋದೇ ನಿಧಾನ, ಅದರ ಮುಂದೆ ಡೇಟಾಬೇಸ್‌ನ ಲೆಕ್ಕಪತ್ರದ ಖರ್ಚು ಕಾಣಲ್ಲ. ಮೆಮೊರಿ ಕೆಲಸ ನ್ಯಾನೋಸೆಕೆಂಡ್‌ಗಳದ್ದು. ಪ್ರತಿ ಓದು, ಬರಹ ಗಮನಿಸ್ತಾ ಕೂತ್ರೆ ಅದೇ ಭಾರ ಆಗುತ್ತೆ.

ಮೂರನೆಯದು ಸೂಕ್ಷ್ಮ. ಒಂದು ಥ್ರೆಡ್ ಮಾರಿದವರ ಹಳೇ 80 ಓದಿ, ಅಷ್ಟರಲ್ಲಿ ಬೇರೆ ಥ್ರೆಡ್ ಕಮಿಟ್ ಆಗಿ, ಆಮೇಲೆ ಕೊಂಡವರ ಹೊಸ 20 ಓದಿದ್ರೆ ಒಟ್ಟು 100! ಡೇಟಾಬೇಸ್ ಆದ್ರೆ ಕೊನೆಗೆ ಅಬಾರ್ಟ್ ಮಾಡಿ ಪಾರಾಗಬಹುದು. ಪ್ರೋಗ್ರಾಂ ಆದ್ರೆ 80 ಜಾಗದ ಅರ‍್ರೇಯಲ್ಲಿ 100ನೇದನ್ನ ಹುಡುಕಿ ಅಲ್ಲೇ ಕ್ರ್ಯಾಶ್ ಆಗಬಹುದು. ಅದಕ್ಕೇ ಸೋಲಲಿರೋ ಟ್ರಾನ್ಸಾಕ್ಷನ್‌ಗೂ ಸರಿಯಾದ ಚಿತ್ರವೇ ಕಾಣಬೇಕು.

ಇನ್ನೊಂದು ಮಾತು: ಪ್ರಿಂಟರ್‌ನಿಂದ ಹೊರಬಂದ ಹಾಳೆಯನ್ನ ರೋಲ್‌ಬ್ಯಾಕ್ ಮಾಡಕ್ಕಾಗಲ್ಲ. ಹ್ಯಾಸ್ಕೆಲ್ ಭಾಷೆ ಇಂಥ ಕೆಲಸಗಳನ್ನ ಟ್ರಾನ್ಸಾಕ್ಷನ್ ಒಳಗೆ ಬರೆಯೋಕೇ ಬಿಡಲ್ಲ. ಹಾರ್ಡ್‌ವೇರ್‌ನಲ್ಲೂ ಇದು ಸುಲಭ ಇಲ್ಲ: ಇಂಟೆಲ್ 2013ರಲ್ಲಿ ಹ್ಯಾಸ್ವೆಲ್ ಚಿಪ್‌ಗಳಲ್ಲಿ ಈ ಸೌಲಭ್ಯ ಕೊಟ್ಟು, ಬಗ್ ಸಿಕ್ಕಿದ್ದಕ್ಕೆ 2014ರಲ್ಲಿ ಆಫ್ ಮಾಡ್ಬೇಕಾಯ್ತು.

ನಿಮ್ಮ ಪ್ರಾಜೆಕ್ಟ್‌ನಲ್ಲಿ ಯಾವುದು ಬೇಕು ಅಂತ ಗೊಂದಲ ಆದ್ರೆ ಮೊದಲು ಇಷ್ಟು ಕೇಳ್ಕೊಳ್ಳಿ: ಮಷೀನ್ ಆಫ್ ಆದ್ಮೇಲೂ ಈ ಲೆಕ್ಕ ಉಳೀಬೇಕಾ? ಪಹಣಿಯಂಥದ್ದಾದ್ರೆ ಡೇಟಾಬೇಸ್ ಬೇಕೇ ಬೇಕು.