ನಿಮಗಿದು ಗೊತ್ತೆ? ಕೌದಿಯ ಲೆಕ್ಕಾಚಾರ

ಹಿರೇಹಡಗಲಿ ಸೀಮೆಯ ಮನೆಗಳಲ್ಲೂ ಉತ್ತರ ಕರ್ನಾಟಕದ ಉಳಿದೆಡೆಯಲ್ಲೂ ಹಳೆಯ ಸೀರೆ, ಧೋತರ, ಕುಪ್ಪಸದ ತುಂಡುಗಳು ಕೌದಿಯಾಗುತ್ತವೆ. ಇದನ್ನು ಬಡತನದ ಹೊದಿಕೆ ಎನ್ನುವವರಿದ್ದಾರೆ. ಹಾಗಿದ್ದರೆ ಚೂರುಗಳನ್ನು ಚೌಕ, ತ್ರಿಕೋನಗಳಾಗಿ ಕತ್ತರಿಸಿ ಬಣ್ಣಕ್ಕೆ ಬಣ್ಣ ಹೊಂದಿಸುವ ಶ್ರಮವೇಕೆ? ಬೆಚ್ಚಗಿರಲು ಅಡ್ಡಾದಿಡ್ಡಿ ತೇಪೆಯೂ ಸಾಕಿತ್ತು. ಯಲ್ಲಾಪುರ, ಹಳಿಯಾಳದ ಸಿದ್ದಿ ಮಹಿಳೆಯರು ಅಂಚಿನಿಂದ ಹೊಲಿಯುತ್ತ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ ‘ಹೂವು’ ಕೂಡಿಸದೆ ಕವಂದಿ ಎಂಬ ಅವರ ಕೌದಿ ಪೂರ್ಣವಾಗದು. ಆ ಹೂವಿನಿಂದ ಬಿಸುಪೇನೂ ಹೆಚ್ಚದು. ಅದು ಅಂದಕ್ಕಾಗಿಯೇ ಇರುವುದು.

ಯಂತ್ರದ ರಗ್ಗು ಅಗ್ಗವಲ್ಲವೆ ಎನ್ನಬಹುದು, ನಿಜ. ಆದರೆ ಕೌದಿಯಲ್ಲಿ ಸಾಲುಸಾಲು ಕೈಹೊಲಿಗೆ ಪದರಗಳನ್ನೆಲ್ಲ ಬಿಗಿಹಿಡಿಯುತ್ತದೆ. ಒಂದು ಚೂರು ಹರಿದರೆ ಅಲ್ಲಿಗಷ್ಟೇ ಹೊಸ ತುಂಡು ಹಚ್ಚಬಹುದು. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕದ ಮನ್ನಣೆ ದೊರೆತಿದೆ. ಕೌದಿ ಹೊಲಿಯುವ ಕೈಗಳಿಗೂ ಅಂಥ ಗೌರವ, ತಕ್ಕ ಬೆಲೆ ಸಲ್ಲಬೇಕು.